ಕೋಟೆ ಓಣಿಯಲ್ಲಿ ಹೊಸ ಮನೆ: ಹಳೆಯದನ್ನು ಕೆಡವದೆ ಕಟ್ಟುವ ಬಗೆ

ರಾಯಚೂರಿನ ಕೋಟೆಯೊಳಗಿನ ಮತ್ತು ಕೋಟೆ ಸುತ್ತಲಿನ ಓಣಿಗಳಲ್ಲಿ ಮನೆಗಳು ಸಾಲುತ್ತಿಲ್ಲ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಓದಲು ಬಂದವರಿಗೆ ಬಾಡಿಗೆ ಕೋಣೆ ಬೇಕು, ಹಳ್ಳಿಯಿಂದ ಬಂದ ಕುಟುಂಬ ಪೇಟೆಯ ಹತ್ತಿರವೇ ಇರಬಯಸುತ್ತದೆ. ಹೀಗಾಗಿ ಹಳೆ ಮನೆ ಕೆಡವಿ, ಕೆಳಗೆ ಕಂಬ, ಮೇಲೆ ಎರಡು ಮೂರು ಅಂತಸ್ತು ಎಬ್ಬಿಸುವುದೇ ರೂಢಿಯಾಗಿದೆ. ಕಟ್ಟಬೇಕಾದದ್ದು ನಿಜ. ಆದರೆ ಹಳೆ ಓಣಿಯಲ್ಲಿ ಜಾಗ ಇರುವುದು ಹಿತ್ತಲಲ್ಲಿ, ಬಿದ್ದುಹೋದ ಮನೆಗಳಲ್ಲಿ, ಬೀಗ ಜಡಿದ ಮನೆಗಳಲ್ಲಿ. ಬೀದಿಗೆ ಮುಖ ಮಾಡಿ ನಿಂತ ಮನೆಯ ನೆತ್ತಿಯ ಮೇಲೆ ಅಲ್ಲ. ಈ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ಓಣಿಯ ಮುಖ ಉಳಿಸಿಕೊಂಡೇ ಮೂರು ನಾಲ್ಕು ಕುಟುಂಬಗಳಿಗೆ ಹೊಸದಾಗಿ ನೆಲೆ ಮಾಡಬಹುದು.

ಕೊಪ್ಪಳ, ಬಳ್ಳಾರಿಯ ಕೋಟೆ ಬುಡದ ಓಣಿಗಳಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ಮೊದಲು ದೂರ ಅಳೆಯಿರಿ

ನಕ್ಷೆ ಬರೆಸುವ ಮೊದಲೇ ನಿಮ್ಮ ನಿವೇಶನದ ಹತ್ತಿರದ ಸ್ಮಾರಕ ಯಾವುದು, ಅದು ಯಾರ ಪಟ್ಟಿಯಲ್ಲಿದೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಟ್ಟಿ ಬೇರೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪಟ್ಟಿ ಬೇರೆ. ಒಂದೇ ಕೋಟೆಯ ಒಳಗಿರುವ ಬಾಗಿಲು, ಮಸೀದಿ, ಗುಡಿಗಳೆಲ್ಲ ಒಂದೇ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. "ಕೋಟೆ ಸರ್ಕಾರದ್ದು" ಎಂಬ ಬಾಯಿಮಾತು ಇಲ್ಲಿ ಉಪಯೋಗಕ್ಕೆ ಬಾರದು.

ಕೇಂದ್ರದ ಪಟ್ಟಿಯದಾದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಮತ್ತು ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿ ಅನ್ವಯಿಸುತ್ತವೆ. ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಎಂದು ಘೋಷಿಸಿದ ನೆಲದ ಗಡಿಯಿಂದ. ಬಹಳ ಮಂದಿ ಎಡವುವುದು ಇಲ್ಲಿಯೇ. ಟೇಪು ಹಿಡಿದು ಗೋಡೆಯಿಂದ ಅಳೆದು "ನಾವು 110 ಮೀಟರ್ ದೂರ ಇದ್ದೇವೆ" ಎಂದುಕೊಳ್ಳುತ್ತಾರೆ. ಗಡಿಯಿಂದ ಅಳೆದರೆ 80 ಆಗಿರುತ್ತದೆ.

ನಿಷೇಧಿತ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ. ಹಿತ್ತಲಾದರೂ ಇಲ್ಲ. 1992ರ ಜೂನ್ 16ಕ್ಕೂ ಮೊದಲಿನ ಮನೆಯಾಗಿದ್ದರೆ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಆದ್ದರಿಂದ ಮನೆ ಎಷ್ಟು ಹಳೆಯದೆಂದು ತೋರಿಸುವ ತೆರಿಗೆ ರಸೀದಿ, ಹಳೆ ಖಾತಾ, ಕ್ರಯಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ ಎಲ್ಲವನ್ನೂ ಒಂದು ಕಡತ ಮಾಡಿಟ್ಟುಕೊಳ್ಳಿ. ಅಂಥ ಮನೆಯನ್ನು ಆತುರಕ್ಕೆ ಕೆಡವಿದರೆ ದುರಸ್ತಿಯ ಹಾದಿಯೂ ಮುಚ್ಚಿ ಖಾಲಿ ನಿವೇಶನ ಮಾತ್ರ ಉಳಿಯುತ್ತದೆ. ನಿಯಂತ್ರಿತ 200 ಮೀಟರಿನಲ್ಲಿ ಹೊಸದು, ಹಳೆಯದು ಯಾವುದಕ್ಕಾದರೂ ಅನುಮತಿ ಬೇಕು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ (ಅನುಮತಿ ಕೊಡಲು ನೇಮಕವಾದ ಅಧಿಕಾರಿಗೆ) ಹೋಗಿ, ಅಲ್ಲಿಂದ 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಸೇರಬೇಕು. ಅವರು ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ಆಮೇಲೆ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರದ ಆದೇಶ ಬರಬೇಕು. ಕಾಗದ ಪೂರ್ತಿ ಇದ್ದರೂ ಮೂರೂವರೆ ತಿಂಗಳು ಹಿಡಿಯಿರಿ. ಅನುಮತಿಯಲ್ಲಿ ಬರೆದ ಎತ್ತರದಲ್ಲಿ ಪ್ಯಾರಾಪೆಟ್, ಮೆಟ್ಟಿಲ ಕೋಣೆ, ನೀರಿನ ಟಾಂಕಿ ಎಲ್ಲ ಸೇರಿರುತ್ತದೆ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇವೆ.

ರಾಜ್ಯದ ಪಟ್ಟಿಯ ಸ್ಮಾರಕವಾದರೆ 1961ರ ರಾಜ್ಯ ಕಾಯ್ದೆಯಡಿ ರಾಜ್ಯ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಪಾಲಿಕೆ ಅಥವಾ ನಗರಸಭೆಗೆ ಕೊಡಿ. ಆನೆಗೊಂದಿ ಕಡೆಯವರ ಹಾದಿಯೇ ಬೇರೆ. ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದ್ದರೂ ಹಂಪಿ ವಿಶ್ವ ಪರಂಪರೆ ಪ್ರದೇಶದೊಳಗೆ ಬರುವುದರಿಂದ 2002ರ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರದ ಅನುಮತಿ ಬೇಕೇ ಬೇಕು.

ಓಣಿಯಲ್ಲಿ ಜಾಗ ಎಲ್ಲಿದೆ

ಒಬ್ಬರ ಮನೆಗಿಂತ ಮೊದಲು ಇಡೀ ಓಣಿಯನ್ನು ಎಣಿಸುವುದು ಒಳ್ಳೆಯದು. ಸಿಟಿ ಸರ್ವೆ ನಕ್ಷೆಯ ಪ್ರತಿ ತೆಗೆದುಕೊಂಡು ನಾಲ್ಕು ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿ: ಬಿದ್ದ ಮನೆ ಮತ್ತು ಖಾಲಿ ಜಾಗ, ಬೀಗ ಹಾಕಿದ ಮನೆ, ಹಿತ್ತಲು 30 ಅಡಿಗಿಂತ ಉದ್ದ ಇರುವ ಮನೆ, ಈಚಿನ ಐವತ್ತು ವರ್ಷದೊಳಗೆ ಎದ್ದ ಒಂದಂತಸ್ತಿನ ಆರ್‌ಸಿಸಿ ಅಥವಾ ತಗಡಿನ ಶೆಡ್ಡು. ಹೊಸ ಮನೆಗಳು ಈ ಕ್ರಮದಲ್ಲೇ ಏಳಬೇಕು. ಬಿದ್ದ ಜಾಗ ತುಂಬದೆ, ಶೆಡ್ಡು ತೆಗೆಯದೆ, ಗಟ್ಟಿಯಾಗಿ ನಿಂತ ಕಲ್ಲಿನ ಮನೆಗೆ ಜೆಸಿಬಿ ತರುವುದಕ್ಕೆ ಯಾವ ಕಾರಣವೂ ಇಲ್ಲ.

ಬೀಗ ಹಾಕಿದ ಮನೆಗಳ ಹಿಂದೆ ಬಹುತೇಕ ವಾಟ್ನಿ ತಕರಾರು ಇರುತ್ತದೆ. ಆರು ಜನ ಪಾಲುದಾರರಲ್ಲಿ ಇಬ್ಬರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇದ್ದು ಸಹಿ ಹಾಕಿರುವುದಿಲ್ಲ. ಮನೆ ಮಳೆಗೆ ಕರಗುತ್ತಿರುತ್ತದೆ. ಇಂಥಲ್ಲಿ ಗೋಡೆ ಗೋಡೆ ಹಂಚಿಕೊಳ್ಳದೆ, ಮನೆಯನ್ನು ಇಡಿಯಾಗಿ ಉಳಿಸಿ ಹಿತ್ತಲಲ್ಲಿ ಏಳುವ ಹೊಸ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಂದು ಮಾತಾಡಿದರೆ ತಕರಾರು ಬಗೆಹರಿಯುವ ಸಂಭವ ಹೆಚ್ಚು. ಕೊಡಲು ಆಗ ಏನಾದರೂ ಇರುತ್ತದೆ.

ಪಟ್ಟಿ ಮಾಡುವಾಗ ಎಲ್ಲ ಹಳೆ ಮನೆಗಳಿಗೂ "ಮುಟ್ಟಬಾರದು" ಎಂದು ಬರೆಯಬೇಡಿ. ಹಾಗೆ ಬರೆದರೆ ಪಟ್ಟಿ ಹೊರಬೀಳುವ ಮೊದಲೇ ರಾತ್ರೋರಾತ್ರಿ ಮನೆಗಳು ಬೀಳುತ್ತವೆ. ಪ್ರತಿ ಮನೆಯಲ್ಲಿ ಉಳಿಯಲೇಬೇಕಾದ ಭಾಗ ಯಾವುದು ಎಂದಷ್ಟೇ ಬರೆಯಿರಿ: ಬೀದಿಗೋಡೆಯ ಸಾಲು, ಕಟ್ಟೆ, ತಲಬಾಗಿಲು, ಪಡಸಾಲೆಯ ಕಂಬಗಳು. ಹಿಂದಿನ ಅಡಿಗೆಮನೆ, ದನದ ಕೊಟ್ಟಿಗೆ, ಹಿತ್ತಲಗೋಡೆ ಬಹುತೇಕ ಬಿಟ್ಟುಕೊಡಬಹುದಾದವು.

ನಿವೇಶನದ ಲೆಕ್ಕ

30 ಅಡಿ ಅಗಲ, 90 ಅಡಿ ಉದ್ದದ ಒಂದು ನಿವೇಶನ ಹಿಡಿಯಿರಿ, 2,700 ಚದರ ಅಡಿ. ಮುಂದೆ 35 ಅಡಿ ಆಳದ, ಅಂದರೆ ಬೀದಿಯಿಂದ ಹಿಂದಕ್ಕೆ 35 ಅಡಿ ಇರುವ ಹಳೆ ಮನೆ, ಹಿಂದೆಲ್ಲ ಹಿತ್ತಲು.

ಕೆಡವಿ ಕಟ್ಟುವ ಲೆಕ್ಕ ಹೀಗೆ. ಮುಂದೆ ಹಿಂದೆ 5 ಅಡಿ, ಎರಡೂ ಪಕ್ಕ 3 ಅಡಿ ಬಿಟ್ಟರೆ ಉಳಿಯುವುದು 24 × 80, ಅಂದರೆ 1,920 ಚದರ ಅಡಿ. ಕೆಳಗೆ ಗಾಡಿ ನಿಲ್ಲಿಸಲು ಕಂಬದ ಅಂತಸ್ತು, ಮೇಲೆ ಎರಡು. ವಾಸಕ್ಕೆ ಸಿಗುವುದು 3,840. ಅದಕ್ಕಾಗಿ ನೀವು ಹಾಕುವ ಸ್ಲ್ಯಾಬು 5,760.

ಉಳಿಸಿ ಕಟ್ಟುವ ಲೆಕ್ಕ ಹೀಗೆ. ಹಳೆ ಮನೆ 30 × 35 ಹಾಗೇ ಇರಲಿ, 1,050. ಅದರ ಹಿಂದೆ 18 ಅಡಿ ತೆರೆದ ಅಂಗಳ. ಆಮೇಲೆ 30 ಅಡಿ ಆಳದ ಹೊಸ ಕಟ್ಟಡ, ಹಿಂದೆ 7 ಅಡಿ ಖಾಲಿ. ಹೊಸ ಕಟ್ಟಡ ಮೂರು ಅಂತಸ್ತಾದರೆ 900 × 3, ಅಂದರೆ 2,700. ಹಳೆಯದೂ ಸೇರಿ 3,750. ಹಾಕುವ ಸ್ಲ್ಯಾಬು 2,700 ಮಾತ್ರ. ನಿಮ್ಮ ವಲಯದ ನಿಯಮ ಪಕ್ಕದಲ್ಲೂ 3 ಅಡಿ ಬಿಡಲೇಬೇಕು ಎಂದರೆ ಹೊಸ ಕಟ್ಟಡ 24 × 30 ಆಗಿ ಒಟ್ಟು 3,210ಕ್ಕೆ ಇಳಿಯುತ್ತದೆ. ಆಗಲೂ ಕೆಡವುವ ಖರ್ಚಿಲ್ಲ, ಕಂಬದ ಅಂತಸ್ತಿನ ಖರ್ಚಿಲ್ಲ. ಕಟ್ಟುವಾಗ ನೀವು ಮುಂದಿನ ಮನೆಯಲ್ಲೇ ಇರಬಹುದು, ಬೇರೆ ಕಡೆ ಬಾಡಿಗೆ ಕೊಡಬೇಕಿಲ್ಲ. ಎಫ್‌ಎಆರ್ (ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಮತ್ತು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಎಷ್ಟು ಎಂಬುದನ್ನು ನಿಮ್ಮ ಊರಿನ ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ರಸ್ತೆ ಅಗಲದ ಪ್ರಕಾರ ನೋಡಿ, ಮೇಲಿನ ಅಂಕಿಗಳ ಜಾಗಕ್ಕೆ ಅವನ್ನಿಟ್ಟು ಲೆಕ್ಕ ಮಾಡಿ. ಹಳೆ ಮನೆಯ ಕ್ಷೇತ್ರಫಲವೂ ಎಫ್‌ಎಆರ್‌ನಲ್ಲಿ ಎಣಿಕೆಗೆ ಬರುತ್ತದೆ, ಮರೆಯಬೇಡಿ.

ಹಿಂದಿನ ಕಟ್ಟಡ 30 ಅಡಿಗಿಂತ ಆಳ ಬೇಡ. ಎರಡು ಪಕ್ಕವೂ ಮುಚ್ಚಿದ ಕಟ್ಟಡಕ್ಕೆ ಗಾಳಿ ಬೆಳಕು ಅಂಗಳದಿಂದ ಮತ್ತು ಹಿಂದಿನ ಸಂದಿಯಿಂದ ಮಾತ್ರ ಬರುತ್ತದೆ. 40 ಅಡಿ ಮಾಡಿದರೆ ನಡುವಿನ ಕೋಣೆ ಕತ್ತಲೆ. ರಾಯಚೂರಿನ ಬೇಸಿಗೆಯಲ್ಲಿ ಗಾಳಿ ಆಡದ ನಡುಕೋಣೆಯಲ್ಲಿ ಯಾರೂ ಮಲಗಲಾರರು. ಅಂಗಳವೂ ಹಿಂದಿನ ಕಟ್ಟಡದ ಎತ್ತರದ ಅರ್ಧಕ್ಕಿಂತ ಕಿರಿದಾಗಬಾರದು. 18 ಅಡಿ ಇಟ್ಟದ್ದು ಇದಕ್ಕೇ.

ಎತ್ತರ ಬೀದಿಗೆ ಕಾಣುತ್ತದೆಯೇ

ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಬೀದಿಯ ಆಚೆ ಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತವನ ಕಣ್ಣು ನೆಲದಿಂದ 5 ಅಡಿ ಎತ್ತರ. ಹಳೆ ಮನೆಯ ಎತ್ತರದಿಂದ 5 ಕಳೆಯಿರಿ, ಬೀದಿಯ ಅಗಲದಿಂದ ಭಾಗಿಸಿ. ಬಂದದ್ದನ್ನು ಕಣ್ಣಿನಿಂದ ಹೊಸ ಕಟ್ಟಡಕ್ಕಿರುವ ದೂರದಿಂದ ಗುಣಿಸಿ, 5 ಕೂಡಿಸಿ. ಅಷ್ಟು ಎತ್ತರದವರೆಗೆ ಹೊಸ ಕಟ್ಟಡ ಹಳೆ ಮನೆಯ ಮರೆಯಲ್ಲಿರುತ್ತದೆ.

15 ಅಡಿ ಓಣಿ, 13 ಅಡಿ ಎತ್ತರದ ಹಳೆ ಮನೆ, ಬೀದಿಗೋಡೆಯಿಂದ 53 ಅಡಿ ಹಿಂದೆ ಹೊಸ ಕಟ್ಟಡ: 8 ÷ 15 × 68 + 5, ಸುಮಾರು 41 ಅಡಿ. ಪಾಯದ ಕಟ್ಟೆ 2 ಅಡಿ, ಮೂರು ಅಂತಸ್ತು 30 ಅಡಿ, ಪ್ಯಾರಾಪೆಟ್ 3 ಅಡಿ ಸೇರಿ 35 ಅಡಿಯ ಕಟ್ಟಡ ಕಾಣುವುದೇ ಇಲ್ಲ. ಅದೇ ಮನೆ 30 ಅಡಿ ಬೀದಿಯಲ್ಲಿದ್ದರೆ ಲೆಕ್ಕ 27 ಅಡಿಗೆ ಇಳಿಯುತ್ತದೆ. ಅಲ್ಲಿ ಎರಡೇ ಅಂತಸ್ತು ಕಟ್ಟಿ. ಅಗಲ ಬೀದಿಯಲ್ಲಿ ಹೆಚ್ಚು ಎತ್ತರ ಕಟ್ಟಬಹುದೆಂಬ ರೂಢಿಯ ನಂಬಿಕೆ ಹಳೆ ಸಾಲಿನಲ್ಲಿ ತಲೆಕೆಳಗಾಗುವುದು ಹೀಗೆ.

ಇನ್ನೊಂದು ನೋಟ ಉಂಟು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಕೋಟೆಯ ಒಂದು ಭಾಗವಾದರೂ ಗುಡ್ಡದ ಮೇಲಿದ್ದು ಊರು ಕೆಳಗಿದೆ. ಗುಡ್ಡ ಹತ್ತಿದವರಿಗೆ ಕಾಣುವುದು ಗೋಡೆಗಳಲ್ಲ, ಮಾಳಿಗೆಗಳು. ಕಪ್ಪು ಟಾಂಕಿ, ನೀಲಿ ತಗಡು, ಕಬ್ಬಿಣದ ಗೂಟಗಳು ಊರನ್ನು ಕೆಡಿಸುವಷ್ಟು ಒಂದು ಹೆಚ್ಚುವರಿ ಅಂತಸ್ತು ಕೆಡಿಸದು. ಟಾಂಕಿಯನ್ನು ಮೆಟ್ಟಿಲ ಕೋಣೆಯ ಮೇಲೆ ಇಡದೆ, ಪ್ಯಾರಾಪೆಟ್‌ನ ಮರೆಯಲ್ಲಿ ಕಡಿಮೆ ಎತ್ತರದ ಎರಡು ಟಾಂಕಿ ಇಡಿ. ಮುಂದೆ ಅಂತಸ್ತು ಏರಿಸಲೆಂದು ಕಂಬದ ಸರಳುಗಳನ್ನು ಬಿಡಬೇಡಿ. ಅವು ತುಕ್ಕು ಹಿಡಿದು ಕಂಬದ ನೆತ್ತಿಯನ್ನೂ ಸೀಳುತ್ತವೆ.

ಮುಂದಿನ ಹಳೆ ಮನೆ

ಮೇಲೆ ಇನ್ನೊಂದು ಅಂತಸ್ತು ಹಾಕಬೇಡಿ. ಎರಡು ಎರಡೂವರೆ ಅಡಿ ದಪ್ಪದ ಗೋಡೆ ನೋಡಿ ಗೌಂಡಿಗಳು ಧೈರ್ಯ ಹೇಳುತ್ತಾರೆ. ಒಳಗೆ ಎರಡು ಮುಖದ ಕಲ್ಲು, ನಡುವೆ ಮಣ್ಣು ಮತ್ತು ಚಿಪ್ಪುಕಲ್ಲು ತುಂಬಿರುತ್ತದೆ. ಒಣಗಿದ್ದಾಗ ಅದು ಭಾರ ಹೊರುತ್ತದೆ. ಒಮ್ಮೆ ನೀರು ಇಳಿದರೆ ನಡುವಿನ ಮಣ್ಣು ಮೆತ್ತಗಾಗಿ ಎರಡು ಮುಖಗಳು ಬೇರೆ ಬೇರೆ ಉಬ್ಬುತ್ತವೆ. 5 ಇಂಚಿನ ಸ್ಲ್ಯಾಬು ಒಂದು ಚದರ ಮೀಟರಿಗೆ 300 ಕಿಲೋಗೂ ಹೆಚ್ಚು ತೂಗುತ್ತದೆ. ಅದು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ.

ಬದಲಿಗೆ ಇರುವ ಭಾರ ಇಳಿಸಿ. ಮಣ್ಣಿನ ಮಾಳಿಗೆಗೆ ಮಳೆಗಾಲದ ಮೊದಲು ಕರ್ಲಮಣ್ಣು ಏರಿಸಿ ಏರಿಸಿ ಎಷ್ಟೋ ಮನೆಗಳಲ್ಲಿ 9 ಇಂಚು, ಒಂದಡಿ ದಪ್ಪವಾಗಿರುತ್ತದೆ. 9 ಇಂಚು ಮಣ್ಣೆಂದರೆ 100 ಚದರ ಅಡಿಗೆ ಸುಮಾರು ಮೂರೂವರೆ ಟನ್ನು. ತೊಲೆ ಬಗ್ಗಿರುವುದು ಇದಕ್ಕೇ. ಮಣ್ಣನ್ನು ಒಂದೇ ಬದಿಯಿಂದ ತೆಗೆಯಬೇಡಿ. ಎರಡೂ ಬದಿಯಿಂದ 2 ಇಂಚಿನ ಪದರಗಳಾಗಿ ತೆಗೆಯುತ್ತ ಬನ್ನಿ, ಇಲ್ಲವಾದರೆ ಹಗುರಾದ ಬದಿಯ ಜಂತಿಗಳು ಮೇಲೆದ್ದು ಗೋಡೆಯ ತಲೆ ಕದಲುತ್ತದೆ. ತೊಲೆಗಳ ಕೆಳಗೆ ಮೊದಲೇ ಆನಿಕೆ ಕೊಟ್ಟಿರಬೇಕು. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯನ್ನು ಚೂಪು ಉಳಿಯಿಂದ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಸಲೀಸಾಗಿ ಇಳಿದರೆ ತುದಿ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ. ಇಡೀ ತೊಲೆ ಬಿಸಾಡಬೇಡಿ. ಗಟ್ಟಿ ಭಾಗದವರೆಗೆ ಕೊಯ್ದು, ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಬೋಲ್ಟು ಮಾಡಿ ಹೊಸ ತುಂಡು ಕೂಡಿಸಬಹುದು. ತುದಿಯ ಸುತ್ತ ಒಂದು ಇಂಚು ಗಾಳಿ ಸಂದು ಬಿಡಿ, ಸಿಮೆಂಟಿನಿಂದ ಮುಚ್ಚಬೇಡಿ. ಆಮೇಲೆ 4 ಇಂಚು ಮಣ್ಣು ಹಾಸಿ, ಮೇಲೆ ಸುಣ್ಣದ ಗಚ್ಚು ಬಡಿದು, ನೀರು ಹರಿಯಲು 40 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟರೆ ಮತ್ತೆ ಮತ್ತೆ ಮಣ್ಣು ಏರಿಸುವ ಕೆಲಸ ತಪ್ಪುತ್ತದೆ.

ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ನೆಲದ ತೇವ ಗೋಡೆಯಲ್ಲಿ ಏರಿ, ಸುಣ್ಣದ ಗಿಲಾವಿನ ಮೂಲಕ ಹೊರಗೆ ಆರುತ್ತಿರುತ್ತದೆ. ಸಿಮೆಂಟು ಆ ದಾರಿ ಮುಚ್ಚಿದಾಗ ತೇವ ಇನ್ನೂ ಮೇಲಕ್ಕೆ ಹೋಗುತ್ತದೆ, ಸವಳು ಹೊರಡುತ್ತದೆ, ಎರಡು ಮೂರು ಮಳೆಗಾಲದಲ್ಲಿ ಗಿಲಾವು ಹಪ್ಪಳೆಯಾಗಿ ಬಿದ್ದು ಅದರೊಂದಿಗೆ ಕಲ್ಲಿನ ಸಂದಿನ ಮಣ್ಣೂ ಉದುರುತ್ತದೆ. ಕನಿಷ್ಠ 15 ದಿನ ನೀರಿನಲ್ಲಿ ನೆನೆದು ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಮರಳಿನಲ್ಲಿ ಒಂದು ಪಾಲು ತೆಗೆದು ಅದರ ಜಾಗಕ್ಕೆ ಇಟ್ಟಿಗೆ ಪುಡಿ ಹಾಕಿದರೆ ಗಟ್ಟಿ ಬರುತ್ತದೆ. ಒಂದೊಂದು ಪದರ ಅರ್ಧ ಇಂಚು ದಾಟಬಾರದು. ಗೋಣಿಚೀಲ ಕಟ್ಟಿ ಹತ್ತು ದಿನ ತೇವ ಇಡಿ. ನವೆಂಬರಿನಿಂದ ಫೆಬ್ರವರಿ ಇದಕ್ಕೆ ತಕ್ಕ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿದ ಗಿಲಾವು ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ.

ಹಿತ್ತಲು ಅಗೆಯುವ ಮೊದಲು

ಕೆಲಸ ಕೆಡುವುದು ಹೆಚ್ಚಾಗಿ ನೆಲದೊಳಗೆ. ಈ ಭಾಗದ ಹಳೆ ಮನೆಗಳ ಅಂಗಳದಲ್ಲಿ, ಕೆಲವು ಕಡೆ ಬೀದಿಯಲ್ಲೇ, ಜೋಳ ತುಂಬಿಡುತ್ತಿದ್ದ ಹಗೇವು ಇರುತ್ತವೆ. ಬಾಯಿ ಕಿರಿದು, ಒಳಗೆ ಅಗಲ. ಮೇಲೆ ಪರಸಿ ಹಾಸಿದ್ದರೆ ಇದೆಯೆಂದೇ ತಿಳಿಯದು. ಮನೆಯ ಹಿರಿಯರನ್ನು ಕೇಳಿ. ಹಾರೆಯಿಂದ ನೆಲ ಕುಟ್ಟಿ ದನಿ ಕೇಳಿ. ಸಂಶಯ ಬಂದಲ್ಲಿ ಐದಡಿಗೊಂದರಂತೆ ಸರಳು ಇಳಿಸಿ ನೋಡಿ. ಬಾಯಿ ಸಿಕ್ಕರೆ ಕೂಡಲೇ ಯಾರನ್ನೂ ಇಳಿಸಬೇಡಿ. ಒಳಗೆ ಕೆಟ್ಟ ಗಾಳಿ ತುಂಬಿದ್ದು ಇಳಿದವರು ಸತ್ತದ್ದುಂಟು. ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಹಾಕಿ, ಆದಷ್ಟು ಮಟ್ಟಿಗೆ ಮೇಲಿನಿಂದಲೇ ಕೆಲಸ ಮುಗಿಸಿ. ಮನೆ ಕೆಡವಿದ ಕಸ ತುಂಬಿ ಮುಚ್ಚಿದರೆ ಅದು ಎರಡು ಮಳೆಗೆ ಕುಸಿಯುತ್ತದೆ. ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) 8 ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ ತುಂಬಬೇಕು. ತುಂಬಿದ ಮೇಲೂ ಅದರ ಮೇಲೆ ಕಂಬ ಕೂಡಿಸಬೇಡಿ. ಕಂಬವನ್ನು ಆಚೆ ಸರಿಸಿ ಬೀಮಿನಿಂದ ದಾಟಿಸಿ.

ಮುಂದಿನದು ಮಣ್ಣು. ಎರಡು ಕಡೆ, ಒಂದು ಹಳೆ ಗೋಡೆಯ ಪಕ್ಕ ಮತ್ತೊಂದು ಹಿತ್ತಲ ತುದಿಯಲ್ಲಿ, 3 ಅಡಿ ಚೌಕದ ಪರೀಕ್ಷಾ ಗುಂಡಿ ತೋಡಿ. ಹಳೆ ಪಾಯ ಎಷ್ಟು ಆಳ, ಎರೆ (ಕಪ್ಪು ಮಣ್ಣು) ಎಲ್ಲಿಗೆ ಮುಗಿದು ಗರಸು ಎಲ್ಲಿ ಸಿಗುತ್ತದೆ ಎಂದು ಅಳೆದು ಬರೆದಿಡಿ. ಗುಡ್ಡದ ಬುಡದಲ್ಲಾದರೆ ಮೂರಡಿಗೇ ಬಂಡೆ ಬರಬಹುದು, ನಾಲ್ಕು ಓಣಿ ಆಚೆ ಹತ್ತು ಅಡಿಯಾದರೂ ಎರೆಯೇ ಇರಬಹುದು.

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ತಗ್ಗುತ್ತದೆ. ಅಗಲ ಗುಂಡಿ ತೋಡಿ ಫುಟಿಂಗ್ ಹಾಕುವುದು ಇಲ್ಲಿ ಎರಡು ಕಾರಣಕ್ಕೆ ಬೇಡ: ಪಕ್ಕದ ಗೋಡೆಯ ಬುಡ ಬಯಲಾಗುತ್ತದೆ, ಗುಂಡಿಯಲ್ಲಿ ನೀರು ನಿಂತು ಆ ಗೋಡೆಯಡಿಯ ಎರೆ ಉಬ್ಬುತ್ತದೆ. ಉಬ್ಬು ತಳದ ಪೈಲ್, ಅಂದರೆ ನೆಲದಲ್ಲಿ ಕೊರೆದು ಕಾಂಕ್ರೀಟು ತುಂಬಿದ, ಬುಡ ಅಗಲವಾದ ಕಂಬ, ಇದಕ್ಕೆ ಹೊಂದುತ್ತದೆ. ಕೈಯಿಂದ ತಿರುಗಿಸುವ ಅಗರಿನಿಂದಲೇ ಕೊರೆಯಬಹುದಾದ್ದರಿಂದ ದೊಡ್ಡ ಯಂತ್ರ ಓಣಿಗೆ ಬರಬೇಕಿಲ್ಲ. 12 ಇಂಚು ವ್ಯಾಸ, 12 ಅಡಿ ಆಳ, ತಳದ ಉಬ್ಬು ಎರಡೂವರೆ ಪಟ್ಟು ಅಂದರೆ 30 ಇಂಚು, ಪೈಲಿನಿಂದ ಪೈಲಿಗೆ ಕನಿಷ್ಠ 5 ಅಡಿ: ಸಾಮಾನ್ಯ ಮೂರಂತಸ್ತಿಗೆ ಇದರಿಂದ ಲೆಕ್ಕ ಶುರು ಮಾಡಬಹುದು. ಆಳ ಮತ್ತು ಸಂಖ್ಯೆಯನ್ನು ಮಣ್ಣಿನ ಪರೀಕ್ಷೆ ನೋಡಿ ಸ್ಟ್ರಕ್ಚರಲ್ ಎಂಜಿನಿಯರೇ ಹೇಳಬೇಕು. ಪೈಲುಗಳನ್ನು ಕೂಡಿಸುವ ಬೀಮಿನ ಕೆಳಗೆ 3 ಇಂಚು ಟೊಳ್ಳು ಬಿಡಿ. ಈ ಟೊಳ್ಳನ್ನು ಬಹಳ ಕಡೆ ಮಣ್ಣು ತುಂಬಿ ಮುಚ್ಚುತ್ತಾರೆ. ಆಮೇಲೆ ಎರೆ ಉಬ್ಬಿದಾಗ ಬೀಮನ್ನೇ ಎತ್ತಿ ಗೋಡೆ ಸೀಳುತ್ತದೆ.

ಪಕ್ಕದ ಮನೆಯ ಗೋಡೆಯ ಹತ್ತಿರ ಅಗೆಯಲೇಬೇಕಾದರೆ ಒಂದೇ ಸಾಲು ಉದ್ದಕ್ಕೆ ಅಗೆಯಬೇಡಿ. ಉದ್ದವನ್ನು 4 ಅಡಿಯ ತುಂಡುಗಳಾಗಿ ಗುರುತಿಸಿ 1, 3, 5ನೆಯದನ್ನು ತೋಡಿ, ಕಾಂಕ್ರೀಟು ಹಾಕಿ, ಏಳು ದಿನ ಬಿಟ್ಟು 2, 4ನೆಯದಕ್ಕೆ ಕೈ ಹಚ್ಚಿ. ಹಳೆ ಪಾಯದ ತಳದಿಂದ 45 ಡಿಗ್ರಿಯ ಗೆರೆಯ ಕೆಳಗೆ ಇಳಿಯಬೇಡಿ. ಮಳೆಗಾಲದಲ್ಲಿ ಈ ಕೆಲಸ ಸುತರಾಂ ಬೇಡ.

ಬಂಡೆ ಬಂದರೆ ಬ್ರೇಕರ್ ಯಂತ್ರ, ಸಿಡಿಮದ್ದು ಎರಡೂ ಬೇಡ. ಬಂಡೆ ನಡುಕವನ್ನು ದೂರ ಒಯ್ಯುತ್ತದೆ, ಮಣ್ಣುಗಾರೆಯ ಗೋಡೆ ಅದನ್ನು ತಾಳದು. ಕಲ್ಲುಕುಟಿಗರಿಂದ ಸಾಲಾಗಿ ತೂತು ಕೊರೆಸಿ, ಹಿಗ್ಗುವ ಪುಡಿ ತುಂಬಿ ರಾತ್ರಿ ಬಿಟ್ಟರೆ ಬೆಳಗಿಗೆ ಸೀಳಿರುತ್ತದೆ. ಅಥವಾ ಬಂಡೆಯನ್ನೇ ಪಾಯವಾಗಿ ಬಳಸಿ, ಸರಳು ಕೂಡಿಸಿ ಮೇಲೆ ಕಟ್ಟಿ. ಸಂಪು ಬಂಡೆಯೊಳಗೇ ಆಗಬೇಕೆಂಬ ಹಟ ಬೇಡ.

ಅಗೆತದ ಮೊದಲ ದಿನಕ್ಕೂ ಮುನ್ನ ಅಕ್ಕಪಕ್ಕದ ಮನೆಗಳ ಪ್ರತಿ ಬಿರುಕನ್ನೂ ಮನೆಯವರ ಎದುರಿಗೇ ಫೋಟೊ ತೆಗೆದು ಇಬ್ಬರೂ ಸಹಿ ಮಾಡಿದ ಪ್ರತಿ ಇಟ್ಟುಕೊಳ್ಳಿ. ದೊಡ್ಡ ಬಿರುಕಿನ ಮೇಲೆ ಆರಿಂಚು ಉದ್ದದ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ಕೂಡಿಸಿ, ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಕದಲಿದೆ, ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ. ಎರೆಯ ಮೇಲಿನ ಮನೆಗಳಲ್ಲಿ ಬಿರುಕು ಮೇ ತಿಂಗಳಿಗೆ ಹಿಗ್ಗಿ ಸೆಪ್ಟೆಂಬರಿಗೆ ಕೂಡಿಕೊಳ್ಳುವುದು ಸಹಜ. ಸಾಧ್ಯವಾದರೆ ಎರಡೂ ಕಾಲದ ಅಳತೆ ಇಟ್ಟುಕೊಂಡೇ ಶುರು ಮಾಡಿ. ನೆರೆಯವರೊಂದಿಗಿನ ಅರ್ಧ ಜಗಳ ಇದರಿಂದ ತಪ್ಪುತ್ತದೆ.

ಸಾಮಾನು ತರುವ ವಿಷಯದಲ್ಲಿ ಒಂದೇ ಮಾತು. ದೊಡ್ಡ ಲಾರಿ, ಕಾಂಕ್ರೀಟ್ ಗಾಡಿ ಕೋಟೆ ಬಾಗಿಲು ದಾಟಬಾರದು. ಹೊರಗೆ ಇಳಿಸಿ ಸಣ್ಣ ಗಾಡಿಯಲ್ಲಿ ತನ್ನಿ. ಮರಳಿನ ರಾಶಿಯನ್ನು ಯಾವ ಹಳೆ ಗೋಡೆಗೂ ಆನಿಸಬೇಡಿ. ಒದ್ದೆ ಮರಳು ಗೋಡೆಯನ್ನು ತಳ್ಳುತ್ತದೆ, ನೆನೆಸುತ್ತದೆ ಕೂಡ.

ಕೋಟೆಗೋಡೆಗೆ ಹತ್ತಿದ ಮನೆಗಳು

ರಾಯಚೂರು ಕೋಟೆಯ ಒಳಗೋಡೆ ಗಾರೆಯಿಲ್ಲದೆ, ಕೆತ್ತಿದ ಭಾರೀ ಕಲ್ಲುಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿದ್ದು. ಕಾಕತೀಯರ ಕಾಲದ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಈ ಗೋಡೆಯಲ್ಲಿದೆ. ಇಷ್ಟು ಭಾರದ ಗೋಡೆಗೆ ನಮ್ಮ ಮನೆಯಿಂದೇನು ಎನ್ನಿಸಬಹುದು. ಗಾರೆಯಿಲ್ಲದ ಗೋಡೆ ನಿಲ್ಲುವುದು ಹಿಂದಿನ ಮಣ್ಣು ಒಣಗಿರುವವರೆಗೆ. ಬಚ್ಚಲಿನ ಪೈಪು ಸೋರಿ ಆ ಮಣ್ಣು ಸಂದುಗಳಿಂದ ಹೊರಗೆ ಕೊಚ್ಚಿಹೋದರೆ ಕಲ್ಲುಗಳ ನಡುವೆ ಟೊಳ್ಳು ಬೀಳುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಆದ್ದರಿಂದ ಅಂಥ ಮನೆಗಳಲ್ಲಿ ಮೊದಲ ದುರಸ್ತಿ ಬಚ್ಚಲು, ಪಾಯಿಖಾನೆಯದು: ಅವನ್ನು ಕೋಟೆಗೋಡೆಯ ಬದಿಯಿಂದ ಬೀದಿಯ ಬದಿಗೆ ತಂದು ಒಳಚರಂಡಿಗೆ ಕೂಡಿಸಿ. ಕಂದಕಕ್ಕೆ ಪೈಪು ಬಿಡಬೇಡಿ. ಕೋಟೆ ಕಲ್ಲಿಗೆ ಮೊಳೆ, ಆಂಗಲ್, ಬೀಮು ಯಾವುದನ್ನೂ ಹೊಗಿಸಬೇಡಿ. ಬೇರು ಬಿಟ್ಟ ಅರಳಿ ಸಸಿಯನ್ನು ಕೀಳಬೇಡಿ. ಬೇರಿನೊಂದಿಗೆ ಕಲ್ಲೂ ಬರುತ್ತದೆ. ಇಲಾಖೆಗೆ ತಿಳಿಸಿ ಕಡಿದು ಬೇರು ಸಾಯಿಸುವಂತೆ ಮಾಡಿ.

ನೀರು, ಹಾದಿ, ಬೆಂಕಿ

ಒಂದು ಕುಟುಂಬ ಇದ್ದಲ್ಲಿ ನಾಲ್ಕು ಬಂದರೆ ನಾಲ್ಕು ಪಟ್ಟು ಕೊಳೆನೀರು ಹೋಗಬೇಕು. ಹಳೆ 4 ಇಂಚಿನ ಪೈಪು ಸಾಲದು. ಅಂಗಳದ ನಡುವೆ 6 ಇಂಚಿನ ಪೈಪು ಹಾಕಿ, ತಿರುವಿಗೊಂದು ಚೇಂಬರು ಇಟ್ಟು, ಪಡಸಾಲೆಯ ಕೆಳಗಲ್ಲದೆ ಪಕ್ಕದ ಸಂದಿಯಿಂದ ಬೀದಿಗೆ ಒಯ್ಯಿರಿ. ಸಂಪು, ಇಂಗುಗುಂಡಿ, ಚೇಂಬರು ಯಾವುದೂ ಹಳೆ ಗೋಡೆಗೆ 10 ಅಡಿಗಿಂತ ಹತ್ತಿರ ಬೇಡ. 900 ಚದರ ಅಡಿ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಎಂದರೂ 40,000 ಲೀಟರು ಹಿಡಿಯಬಹುದು. ಅದು ಗೋಡೆಯ ಬುಡಕ್ಕೆ ಸುರಿಯದಂತೆ ಸಂಪಿಗೆ ಇಳಿಸಿದರೆ ಎರಡು ಲಾಭ.

ಹಿಂದಿನ ಮನೆಗಳಿಗೆ ಹೋಗಲು ಕನಿಷ್ಠ 4 ಅಡಿ ಹಾದಿ ಬೇಕು. ಪಕ್ಕದ ಸಂದಿ ಇಲ್ಲದಿದ್ದರೆ ತಲಬಾಗಿಲು, ಪಡಸಾಲೆಯ ಮೂಲಕವೇ ಹಾದಿ ಮಾಡಿ, ಮುಂದಿನ ಮನೆಯ ಕೋಣೆಗಳ ಬಾಗಿಲನ್ನು ಪಡಸಾಲೆಯಿಂದ ಬೇರ್ಪಡಿಸಿ. ಬೀದಿಗೋಡೆಯನ್ನು ಶಟರಿಗಾಗಿ 10 ಅಡಿ ಒಡೆಯುವುದು ಮಾತ್ರ ಬೇಡ. ಮೇಲಿನ ಭಾರ ಎರಡು ತುದಿಯಲ್ಲಿ ಒತ್ತಿ ಅಲ್ಲಿಂದ ಮೂಲೆಗೆ ಬಿರುಕು ಏಳುತ್ತದೆ. ಅಂಗಳದಲ್ಲಿ ಎಂಟು ಹತ್ತು ಬೈಕು ನಿಲ್ಲುತ್ತವೆ. ಕಾರಿಗೆ ಓಣಿಯ ತುದಿಯ ಬಿದ್ದ ಜಾಗವೊಂದನ್ನು ನಾಲ್ಕು ಮನೆಯವರು ಕೂಡಿ ಬಾಡಿಗೆಗೆ ಹಿಡಿಯುವುದು ಒಳ್ಳೆಯದು.

ಅಗ್ನಿಶಾಮಕ ವಾಹನ 8 ಅಡಿ ಓಣಿಗೆ ಬರಲಾರದು. ಹೀಗಾಗಿ ಮಾಳಿಗೆಯ ಟಾಂಕಿಯಿಂದ ಪ್ರತಿ ಅಂತಸ್ತಿಗೆ ತಲುಪುವ ಹೋಸ್ ಪೈಪು, ಮೆಟ್ಟಿಲ ಹತ್ತಿರ ಬೆಂಕಿ ನಂದಿಸುವ ಸಿಲಿಂಡರು, ಅಂಗಳಕ್ಕೆ ತೆರೆದ ಮೆಟ್ಟಿಲು ಇಷ್ಟೂ ಇರಲೇಬೇಕು. ಮೀಟರ್ ಬೋರ್ಡುಗಳನ್ನು ಸಾಗುವಾನಿ ತೊಲೆಯ ಕೆಳಗೆ ಜೋಡಿಸಬೇಡಿ. ಹಳೆ ಮನೆಯ ವೈರಿಂಗ್ ಪೂರ್ತಿ ಬದಲಿಸದೆ ಹೊಸ ಮನೆಗಳಿಗೆ ಅದರಿಂದ ಲೈನ್ ಎಳೆಯಬೇಡಿ.

ಕಾಗದ

500 ಚದರ ಮೀಟರಿಗಿಂತ ಹೆಚ್ಚಲ್ಲದ ನಿವೇಶನ ಅಥವಾ ಎಂಟಕ್ಕಿಂತ ಹೆಚ್ಚಲ್ಲದ ಮನೆಗಳಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿಲ್ಲ. ಮೇಲಿನ ನಮೂನೆಯ ನಿವೇಶನ 251 ಚದರ ಮೀಟರು. ಮನೆಗಳನ್ನು ಬೇರೆ ಬೇರೆಯಾಗಿ ಮಾರುವುದಾದರೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಡಿ ಘೋಷಣಾ ಪತ್ರ ಮಾಡಿಸಿ. ಅದರಲ್ಲಿ ಮೂರು ಮಾತು ಬಿಡಿಸಿ ಬರೆಯಿಸಿ: ಪಡಸಾಲೆಯ ಹಾದಿಯ ಹಕ್ಕು ಯಾರಿಗೆ, ಅಂಗಳ ಯಾವಾಗಲೂ ತೆರೆದೇ ಇರಬೇಕು, ಹಳೆ ಮನೆಯ ಮಾಳಿಗೆ ಮತ್ತು ಬೀದಿಗೋಡೆಯ ದುರಸ್ತಿಗೆ ಪ್ರತಿ ಮನೆಯ ಪಾಲು ಎಷ್ಟು. ಮೂರನೆಯದು ಬಿಟ್ಟುಹೋದರೆ ಹಿಂದಿನವರು ಚೆಂದಾಗಿ ಇರುತ್ತಾರೆ, ಮುಂದಿನ ಮನೆ ದುಡ್ಡಿಲ್ಲದೆ ಸೋರುತ್ತದೆ, ಹತ್ತು ವರ್ಷಕ್ಕೆ ಕೆಡವುವ ಮಾತು ಮತ್ತೆ ಬರುತ್ತದೆ.

ಬೀದಿಯ ಮಟ್ಟ

ಓಣಿಯವರೆಲ್ಲ ಕೂಡಿ ಮಾಡಬೇಕಾದ ಕೆಲಸವೊಂದಿದೆ. ರಸ್ತೆ ಮರುಕಾಮಗಾರಿ ಪ್ರತಿ ಸಲ ಹಳೆಯದರ ಮೇಲೆಯೇ 4, 6 ಇಂಚು ಕಾಂಕ್ರೀಟು ಸುರಿಯುತ್ತದೆ. ಮೂರು ಸಲಕ್ಕೆ ಕಟ್ಟೆ ಮುಚ್ಚಿ, ಹೊಸ್ತಿಲು ರಸ್ತೆಗಿಂತ ತಗ್ಗಿಗೆ ಬಂದು, ಮಳೆನೀರು ಪಡಸಾಲೆಗೆ ನುಗ್ಗುತ್ತದೆ. ಓಣಿಯ ಬಾಯಲ್ಲಿರುವ ಗುಡಿ ಅಥವಾ ಬಾವಿಕಟ್ಟೆಯ ಕಲ್ಲಿನ ಮೇಲೆ ಈಗಿನ ರಸ್ತೆಯ ಮಟ್ಟಕ್ಕೆ ಬಣ್ಣದ ಗೆರೆ ಎಳೆದು ಫೋಟೊ ಇಟ್ಟುಕೊಳ್ಳಿ. ಕಾಮಗಾರಿ ಅಂದಾಜುಪಟ್ಟಿ ತಯಾರಾಗುವಾಗಲೇ "ಹಳೆ ಪದರ ಕೆತ್ತಿ ತೆಗೆದು, ಇರುವ ಮಟ್ಟದಲ್ಲೇ ಹೊಸದು" ಎಂಬ ಬಾಬತ್ತು ಸೇರಿಸಲು ವಾರ್ಡಿನ ಸದಸ್ಯರ ಮೂಲಕ ಲಿಖಿತವಾಗಿ ಕೇಳಿ. ಟೆಂಡರಾದ ಮೇಲೆ ಕೇಳಿದರೆ ಗುತ್ತಿಗೆದಾರರ ಕೈಯಲ್ಲಿ ಅದಕ್ಕೆ ಹಣ ಇರುವುದಿಲ್ಲ. ಕೆಲಸ ಶುರುವಾದ ದಿನ ಗೆರೆಯ ಹತ್ತಿರ ಇಬ್ಬರು ನಿಂತು ಮಟ್ಟ ನೋಡಿ. ಕಾಂಕ್ರೀಟು ಬಿದ್ದ ಮೇಲೆ ತೆಗೆಸುವುದು ಆಗದ ಮಾತು.